ಆಚೆ ದಡವಿಲ್ಲದ ನೀರು

ಐಮಂಗಲ
4-1-2023, ಬುಧವಾರ

ಪ್ರೀತಿಯ ತಮ್ಮ ಪಾಲಣ್ಣನಿಗೆ ನಿನ್ನ ಅಕ್ಕ ಮಲ್ಲಕ್ಕನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ನೀನು ಕ್ಷೇಮ ಎಂದು ಗೊತ್ತಾದ ಮೇಲೆ ಆ ಸಾಲು ಬರೆಯುತ್ತೇನೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಅಕ್ಕನಿಗೆ ಇದೇನು ಕಾಗದದ ಹುಚ್ಚು ಎಂದು ನಗಬೇಡ. ಸೋಮವಾರದಿಂದ ಫೋನ್ ಮಾಡುತ್ತಲೇ ಇದ್ದೇನೆ. ಒಂದು ಸಲ ನೀನು ನಕ್ಕುಬಿಟ್ಟೆ. ಇನ್ನೊಂದು ಸಲ ಫೋನನ್ನು ನಿಮ್ಮ ಪಶು ಆಸ್ಪತ್ರೆಯ ಜವಾನನ ಕೈಗೆ ಕೊಟ್ಟು ಎಲ್ಲೋ ಹೋದೆ. ನಿನ್ನೆ "ಅಕ್ಕ, ನೀರಿನ ವಿಷ್ಯ ನನಗೆ ಬಿಡು, ನೀನು ಇಡ್ಲಿ ನೋಡ್ಕ" ಎಂದು ಕಟ್ ಮಾಡಿದೆ. ಕಾಗದವನ್ನು ನೀನು ಕಟ್ ಮಾಡಲಾರೆ. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದಾಗ ನನ್ನ ಕಾಗದಗಳನ್ನು ಟ್ರಂಕಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದವನು ನೀನು. ಇದನ್ನು ಒಂದೇ ಸಲ ಓದಿದರೂ ಸಾಕು, ಆದರೆ ಭಾನುವಾರದ ಒಳಗೆ ಓದು. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಅಷ್ಟರೊಳಗೆ ತಲುಪುತ್ತದಂತೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಭಾನುವಾರ ಒಬ್ಬನೇ ಆ ಪುಟ್ಟ ಕಯಾಕ್ ದೋಣಿ ತೆಗೆದುಕೊಂಡು ಸಮುದ್ರದಲ್ಲಿ ಆ ನಡುಗಡ್ಡೆಯ ಆಚೆ ಗಾಳ ಹಾಕಲು ಹೋಗುತ್ತೇನೆ ಎಂದಿದ್ದೀಯಲ್ಲ, ಹೋಗಬೇಡ.

ಇಷ್ಟಕ್ಕೇ ಮುಗಿಸಿದರೆ ನೀನು ಕೇಳುವವನಲ್ಲ, ನನಗೆ ಗೊತ್ತು. ಚಿಕ್ಕಂದಿನಿಂದ ಬೇಡ ಎಂದದ್ದನ್ನೇ ಮೊದಲು ಮಾಡಿದವನು. ಆದ್ದರಿಂದ ಏಕೆ ಎಂದೂ ಹೇಳುತ್ತೇನೆ, ಪೂರ್ತಿ ಓದು.

ಸಮುದ್ರದ ಊರಿಗೆ ವರ್ಗವಾಯಿತು ಎಂದಾಗ ಸಂಕಟಪಟ್ಟವನು ನೀನೇ ತಾನೇ? ಕುರಿ ಇಲ್ಲದ ಊರಿನಲ್ಲಿ ಪಶು ಇನ್‌ಸ್ಪೆಕ್ಟರ್‌ಗೆ ಏನು ಕೆಲಸ ಎಂದು ಗೊಣಗಿದ್ದೆ. ದೀಪಾವಳಿ ಕಳೆಯುವಷ್ಟರಲ್ಲಿ ಯಾರೋ ಬ್ಯಾಂಕಿನವರು ಊರು ಬಿಡುವಾಗ ಮಾರಿ ಹೋದ ಹಳದಿ ಕಯಾಕ್ ನಿನ್ನ ಅಂಗಳಕ್ಕೆ ಬಂದಿತ್ತು. ಮೊದಲ ಫೋಟೊ ನೋಡಿ, ಇದೇನೋ ಕುರಿಗೆ ನೀರು ಕುಡಿಸುವ ತೊಟ್ಟಿ ಇದ್ದ ಹಾಗಿದೆ ಎಂದು ನಾನೂ ನಕ್ಕಿದ್ದೆ. ಆಮೇಲೆ ನೀನು ದಿನಕ್ಕೊಂದು ಪಾಠ ಒಪ್ಪಿಸುತ್ತಿದ್ದೆ. ಎರಡೂ ಕಡೆ ಅಗಲ ಇರುವ ಹುಟ್ಟನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹಾಕಬೇಕು. ಗಾಳದ ಕೋಲು ನಿಲ್ಲಿಸಲು ಬೆನ್ನ ಹಿಂದೆ ತೂತು ಇದೆ. ಅಲೆಯನ್ನು ಅಡ್ಡ ತೆಗೆದುಕೊಳ್ಳದೆ ಮೂತಿಯಿಂದಲೇ ಎದುರಿಸಬೇಕು. ಮೊದಲ ಬಂಗುಡೆ ಮೀನು ಸಿಕ್ಕ ದಿನ ಅದನ್ನು ಎತ್ತಿ ಹಿಡಿದು ನೀನು ನಕ್ಕ ಫೋಟೊವನ್ನು ಹೋಟೆಲಿಗೆ ಬಂದವರಿಗೆಲ್ಲ ತೋರಿಸಿದ್ದೇನೆ. ನಿನಗೆ ಅಷ್ಟು ಖುಷಿಯಾದದ್ದನ್ನು ಬಹಳ ದಿನದಿಂದ ನೋಡಿರಲಿಲ್ಲ. ಅದನ್ನು ಕಿತ್ತುಕೊಳ್ಳಬೇಕೆಂದು ನನಗಿಲ್ಲ.

ಆದರೆ ಅದೇ ಫೋಟೊವನ್ನು ಬಿಡುವಾಗಿ ನೋಡಿದಾಗ ಇನ್ನೊಂದು ಕಾಣಿಸಿತು. ಮುಳುಗದ ಹಾಗೆ ಮೈಗೆ ತೊಡುವ ಕೇಸರಿ ಜಾಕೆಟ್ ಇದೆಯಲ್ಲ, ಕಯಾಕಿನ ಜೊತೆಗೇ ಬಂದದ್ದು, ಅದನ್ನು ನಾಲ್ಕು ಮಡಿಕೆ ಮಾಡಿ ಕುಂಡೆಯ ಕೆಳಗೆ ಹಾಕಿಕೊಂಡು ಕೂತಿದ್ದೀಯ! ಏನೇ ಕೊಟ್ಟರೂ ಕಂಬಳಿಯ ಹಾಗೆ ಹಾಸಿಕೊಂಡು ಕೂರುವ ಜನ ನಾವು, ನಿಜ. ಅಪ್ಪ ಬ್ಯಾಂಕಿಗೆ ಹೋದರೂ ಕುರ್ಚಿಯ ಮೇಲೆ ಕಂಬಳಿ ಹಾಸಿಯೇ ಕೂರುತ್ತಿದ್ದ. ಆಗ ನಗು ಬಂತು. ಈಗ ಆ ಫೋಟೊ ತೆಗೆದರೆ ಮೊದಲು ಕಣ್ಣಿಗೆ ಬೀಳುವುದೇ ಆ ಕೇಸರಿ ಬಣ್ಣ.

ಕೈಗೆ ಪಟ್ಟಿ ಕಟ್ಟಿಕೊಂಡಿದ್ದೆಯಲ್ಲ, ಬಚ್ಚಲಲ್ಲಿ ಜಾರಿದೆ ಎಂದಿದ್ದೆ. ನಿನ್ನ ಮನೆಯ ಓನರಮ್ಮ ನನ್ನ ಹತ್ತಿರ ಬೇರೆಯೇ ಹೇಳಿದರು. ಕಯಾಕ್ ಮಗುಚಿ, ಮತ್ತೆ ಹತ್ತಲು ಆಗದೆ, ಅದನ್ನು ತಬ್ಬಿಕೊಂಡು, ಹೊಳೆ ಸಮುದ್ರ ಸೇರುವ ಅಳಿವೆಯ ಬಂಡೆಗೆ ಬಂದು ತಾಗಿದೆಯಂತೆ. ಅಲ್ಲಿಯ ಮೀನುಗಾರರು ಹಿಡಿದು ಎಳೆದರಂತೆ. ಅವರು ಬೈದರೆಂದು ಆಮೇಲೆ ಅವರ ಕಣ್ಣು ತಪ್ಪಿಸಿ, ಅವರ ದೋಣಿಗಳಿಲ್ಲದ ಕಡೆಯಿಂದ ನೀರಿಗಿಳಿಯುತ್ತೀಯಂತೆ. ನನಗೆ ಸುಳ್ಳು ಹೇಳಿದ್ದಕ್ಕೆ ಕೋಪವಿಲ್ಲ. ನಾನೂ ಅವ್ವನಿಗೆ ಸುಳ್ಳೇ ಹೇಳುತ್ತಿದ್ದೇನೆ. ನೀನು ದಡದಲ್ಲಿ ಕೂತು ಗಾಳ ಹಾಕುತ್ತೀಯ ಎಂದೇ ಅವಳು ತಿಳಿದಿದ್ದಾಳೆ. ಸಂಜೆ ನಿನ್ನ ಕಂಬಳಿಗೆ ನೂಲು ತೆಗೆಯುತ್ತಾ, ಆ ನೀರು ನಮ್ಮ ಕಣಿವೆ ಡ್ಯಾಮಿಗಿಂತ ಆಳವಾ ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ.

ಈಗ ಕಣಿವೆಯ ಮಾತಿಗೆ ಬರುತ್ತೇನೆ, ಏಕೆಂದರೆ ಭಯವೆಲ್ಲ ಅಲ್ಲೇ ಇದೆ.

ಗೋವಿಂದಪ್ಪ ಮಾವನ ಹರಿಗೋಲು ನೆನಪಿದೆಯಲ್ಲ. ಮಾರಿಕಣಿವೆ ಡ್ಯಾಮಿನ ನೀರಿನಲ್ಲಿ ಬಲೆ ಬಿಡಲು ಹೋಗುವಾಗ ನಮ್ಮಿಬ್ಬರನ್ನೂ ಕೂರಿಸಿಕೊಳ್ಳುತ್ತಿದ್ದ. ಆಗೆಲ್ಲ ಅವನದು ಒಂದೇ ಮಾತು. "ದಣಿದ್ರೆ ಹುಟ್ಟು ಎತ್ತಿ ತೊಡೆ ಮ್ಯಾಲಿಟ್ಕಂಡು ಸುಮ್ನೆ ಕುಂತ್ಕಳ್ರಿ. ಗಾಳಿ ಎಲ್ಲಿಗಾರ ಒಯ್ಲಿ, ಒಯ್ಯದು ದಡಕ್ಕೇ." ಆಷಾಢದಲ್ಲಿ ನಾವಿಬ್ಬರೇ ಹೋಗಿ ಗಾಳಿಗೆ ಸಿಕ್ಕ ದಿನ ನೀನು ಅಳಲು ಶುರುಮಾಡಿದೆ. ನಾನು ಅದನ್ನೇ ಹೇಳಿ ನಿನ್ನ ಕೈಯಿಂದ ಹುಟ್ಟು ತೆಗೆಸಿದೆ. ಸುಮ್ಮನೆ ಕೂತೆವು. ಗಾಳಿ ನಮ್ಮನ್ನು ಆಚೆ ಗುಡ್ಡದ ಬುಡಕ್ಕೆ ಬಿಟ್ಟಿತು, ಯಾರದೋ ಹೊಲದ ಬದುವಿನ ನೇರಳೆಹಣ್ಣು ತಿಂದುಕೊಂಡು ಮಾವ ಬರುವವರೆಗೂ ಕಾದೆವು. ಅಂದಿನಿಂದ ನಿನಗೆ ನೀರಿನ ಭಯ ಹೋಯಿತು. ಹೋದದ್ದು ನನ್ನಿಂದ ಎಂದು ನನಗೆ ಹೆಮ್ಮೆಯೂ ಇತ್ತು.

ಸಮುದ್ರದಲ್ಲೂ ನೀನು ಅದನ್ನೇ ಮಾಡುತ್ತಿದ್ದೀಯ. ನೀನೇ ಹೇಳಿದೆಯಲ್ಲ, ಬೆಳಿಗ್ಗೆ ಗಾಳಿ ಬೆನ್ನಿಗೆ ಬೀಸುತ್ತದೆ, ಹುಟ್ಟು ಹಾಕದೆಯೇ ಸಮುದ್ರದೊಳಕ್ಕೆ ತಳ್ಳುತ್ತದೆ, ಮಧ್ಯಾಹ್ನ ತೊಡೆಯ ಮೇಲೆ ಹುಟ್ಟಿಟ್ಟುಕೊಂಡು ಕೂತರೆ ಅದೇ ಗಾಳಿ ವಾಪಸ್ ತಂದು ಬಿಡುತ್ತದೆ, ಮಾವನ ಮಾತು ಎಲ್ಲಿದ್ದರೂ ನಡೆಯುತ್ತದೆ ಎಂದು. ಕೇಳಿ ನಾನು ಖುಷಿಪಟ್ಟಿದ್ದೆ, ನೋಡು.

ಸೋಮವಾರದವರೆಗೂ ಖುಷಿಯಾಗಿಯೇ ಇದ್ದೆ. ಅಂಕೋಲಾ ಕಡೆಯ ಮೀನಿನ ಲಾರಿಯ ಡ್ರೈವರ್ ಒಬ್ಬರು ಬೆಂಗಳೂರಿನಲ್ಲಿ ಮಾಲು ಇಳಿಸಿ ಹೋಗುವಾಗ ನಮ್ಮಲ್ಲಿ ತಿಂಡಿ ತಿನ್ನುತ್ತಾರೆ. ಅವರಿಗೂ ನಿನ್ನ ಫೋಟೊ ತೋರಿಸಿದೆ. ಒಳ್ಳೇ ಬಂಗುಡೆ ಎಂದರು. ನಾನು ಬಿಡಬೇಕಲ್ಲ, ನನ್ನ ತಮ್ಮನಿಗೆ ದಣಿವೇ ಇಲ್ಲ, ಹುಟ್ಟು ಎತ್ತಿಟ್ಟು ಕೂರುತ್ತಾನೆ, ಗಾಳಿಯೇ ದಡಕ್ಕೆ ತರುತ್ತದೆ, ಈ ಭಾನುವಾರ ಒಬ್ಬನೇ ನಡುಗಡ್ಡೆ ದಾಟುತ್ತಾನೆ ಎಂದು ಕೊಚ್ಚಿಕೊಂಡೆ. ಅವರು ತಿನ್ನುವುದನ್ನು ನಿಲ್ಲಿಸಿದರು.

"ಅವ್ರು ಇನ್ನೂ ಹೋಗ್ಲಿಲ್ಲ ಅಲ್ದಾ ಅಕ್ಕ?" ಎಂದರು.

ಇಲ್ಲ, ಭಾನುವಾರ ಎಂದೆ. ಅವರು ಕೈ ತೊಳೆದುಕೊಂಡು ಬಂದು ನಿಧಾನವಾಗಿ ಬಿಡಿಸಿ ಹೇಳಿದರು. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಬಂದು ನೀರಿನ ಮೇಲೆ, ದಡದಿಂದ ಹೊರಕ್ಕೆ ಹೋಗುತ್ತದಂತೆ. ಬಿಸಿಲೇರಿದ ಮೇಲೆ ಅದು ನಿಂತು, ಸಮುದ್ರದ ಕಡೆಯಿಂದ ಬೇರೆ ಗಾಳಿ ಏಳುತ್ತದಂತೆ. ನಿನ್ನನ್ನು ಇಷ್ಟು ದಿನ ವಾಪಸ್ ತಂದದ್ದು ಅದು. ಆದರೆ ಈ ಪುಷ್ಯದ ಚಳಿಯಲ್ಲಿ ಕೆಲವು ದಿನ ಘಟ್ಟದ ಗಾಳಿ ನಿಲ್ಲುವುದೇ ಇಲ್ಲವಂತೆ. ಬಿಸಿಲು ಏರಿದಷ್ಟೂ ಜೋರಾಗಿ, ಸಂಜೆಯವರೆಗೂ ಹೊರಕ್ಕೇ ತಳ್ಳುತ್ತದಂತೆ. ಅದು ಯಾವ ದಿನ ಎಂದು ದಡದಲ್ಲಿ ನಿಂತವನಿಗೆ ತಿಳಿಯುವುದಿಲ್ಲ, ದಡದ ಹತ್ತಿರ ನೀರು ಎಣ್ಣೆಯ ಹಾಗೆ ಸುಮ್ಮನಿರುತ್ತದಂತೆ. ಅದರ ಮೇಲೆ ಬನದ ಹುಣ್ಣಿಮೆ ಬೇರೆ ಹತ್ತಿರ ಬಂದಿದೆ, ಉಬ್ಬರ ಇಳಿಯುವಾಗ ನೀರಿಗೂ ಹೊರಕ್ಕೆ ಸೆಳೆತ ಹೆಚ್ಚಂತೆ. ಅವರ ಚಿಕ್ಕಪ್ಪ ಇಂಥದೇ ದಿನ ಸಣ್ಣ ದೋಣಿಯಲ್ಲಿ ಹೋಗಿದ್ದರಂತೆ. ದೋಣಿ ಎಲ್ಲೋ ದೂರ ಬೇರೆ ರಾಜ್ಯದವರಿಗೆ ಸಿಕ್ಕಿತು ಎಂದರು. ದೋಣಿ ಸಿಕ್ಕಿತು ಎಂದಷ್ಟೇ ಅಂದರು.

ಅವರು ಹೋದ ಮೇಲೆ ಗಲ್ಲಾದಲ್ಲಿ ಕೂತು ಯೋಚಿಸಿದೆ. ಮಾವ ಹೇಳಿದ್ದು ತಪ್ಪಲ್ಲ, ನಾನು ನಿನಗೆ ಹೇಳಿದ್ದೂ ತಪ್ಪಲ್ಲ. ಕಣಿವೆ ಎಂದರೆ ಒಂದು ದೊಡ್ಡ ಗಂಗಾಳ. ಗಂಗಾಳದ ನೀರಿನಲ್ಲಿ ಎಲೆ ಬಿಟ್ಟರೆ ಅದು ಯಾವುದಾದರೂ ಅಂಚಿಗೆ ತಾಗಲೇಬೇಕು. ಕೋಡಿ ಬಿದ್ದಾಗ ನೋಡಲು ಬಂದಿದ್ದೆಯಲ್ಲ, ಅಷ್ಟು ತುಂಬಿದ್ದರೂ ಸುತ್ತ ಗುಡ್ಡ ಕಾಣುತ್ತಿತ್ತು ತಾನೇ? ನೀನಿರುವ ನೀರಿಗೆ ಆಚೆ ದಡ ಎಲ್ಲಿದೆ ಪಾಲ? ಗಾಳಿ ಎಲ್ಲಿಗಾದರೂ ಒಯ್ಯಲಿ ಎಂದು ಅಲ್ಲಿ ಹೇಳಲು ಆಗುತ್ತದೆಯೇ?

ಅದಕ್ಕೇ ಈ ಕಾಗದ. ನೀನು ನೀರಿನ ಮೇಲೆ ನಂಬಿರುವುದು ಒಂದೇ ಮಾತು, ಅದನ್ನು ನಿನ್ನ ಕೈಯಲ್ಲಿ ಇಟ್ಟವಳು ನಾನು. ಈಗ ನಾನೇ ವಾಪಸ್ ಕೇಳುತ್ತಿದ್ದೇನೆ, ಕೊಟ್ಟುಬಿಡು. ಅಲ್ಲಿ ಹುಟ್ಟು ಎತ್ತಿಡಬೇಡ. ಹೋಗುವಾಗ ಬೆನ್ನಿಗೆ ಗಾಳಿ ಹಿತವಾಗಿ ತಾಗಿದರೆ ಹಿಂತಿರುಗಿ ಬಂದುಬಿಡು. ಮೇಯುತ್ತಾ ಗಾಳಿಯ ಜೊತೆ ಹೋದ ಕುರಿ ದೂರ ಹೋದದ್ದೇ ಗೊತ್ತಾಗುವುದಿಲ್ಲ ಎಂದು ಅಪ್ಪ ಮಂದೆಯ ಮುಂದೆ ನಿಂತು ತಿರುಗಿಸುತ್ತಿದ್ದನಲ್ಲ, ಅಲ್ಲಿ ನಿನ್ನನ್ನು ತಿರುಗಿಸಲು ಯಾರೂ ಇಲ್ಲ.

ಕಯಾಕ್ ಮಾರು ಎನ್ನುವುದಿಲ್ಲ. ನಿನಗೆ ಬೈದ ಆ ಮೀನುಗಾರರ ಹತ್ತಿರ ಹೋಗು, ಗಾಳಿ ಯಾವಾಗ ತಿರುಗುತ್ತದೆ ಎಂದು ಕೇಳು. ಬೈದವರೇ ಎಳೆದು ಹಾಕಿದವರೂ ಅಲ್ಲವೇ. ಜಾಕೆಟನ್ನು ಕೆಳಗಿನಿಂದ ತೆಗೆದು ಮೈಗೆ ಹಾಕಿಕೋ. ಮಗುಚಿದರೆ ಹತ್ತುವುದನ್ನು ಅಳಿವೆಯ ಒಳಗೇ, ಸೊಂಟದಷ್ಟು ನೀರಿನಲ್ಲಿ ಕಲಿ. ಯಾವ ಕಡೆ ಹೋಗುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಓನರಮ್ಮನಿಗೆ ಹೇಳಿ ಹೋಗು. ಇಷ್ಟು ಮಾಡಿದರೆ ಸಂಕ್ರಾಂತಿಗೆ ಅವ್ವನನ್ನು ಕರೆದುಕೊಂಡು ನಾನೇ ಬರುತ್ತೇನೆ, ನೀನು ಹಿಡಿದ ಮೀನು ನೀನೇ ಸಾರು ಮಾಡಿ ಬಡಿಸು. ಉಪ್ಪು ಹೆಚ್ಚಾಗಿದ್ದರೂ ಬಾಯಿ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಮನೆಯಲ್ಲೇ ಕೂತು ಎತ್ತಬೇಕು.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಅಕ್ಕ
ಮಲ್ಲಕ್ಕ

ತಾ.ಕ.: ಗುರುವಾರ. ನಿನ್ನೆ ನಾನು ಹೋಗುವಷ್ಟರಲ್ಲಿ ಪೋಸ್ಟಾಫೀಸಿನ ಬಾಗಿಲು ಹಾಕಿತ್ತು. ಇವತ್ತು ಬೆಳಿಗ್ಗೆ ಲಕೋಟೆ ಅಂಟಿಸಲು ಕೂತಾಗ ನಿನ್ನ ಮೆಸೇಜ್ ಬಂತು. ಹುಣ್ಣಿಮೆಗೆ ಮೊದಲು ಮೀನು ಚೆನ್ನಾಗಿ ಕಚ್ಚುತ್ತದೆ ಎಂದು ಯಾರೋ ಹೇಳಿದರೆಂದು ಇವತ್ತೇ ರಜೆ ಹಾಕಿ ಹೋಗಿದ್ದೀಯ. ಫೋಟೊದಲ್ಲಿ ತೊಡೆಯ ಮೇಲೆ ಹುಟ್ಟು, ಕೆಳಗೆ ಕೇಸರಿ ಜಾಕೆಟ್. ನಿನ್ನ ಬೆನ್ನ ಹಿಂದೆ ನಡುಗಡ್ಡೆ ಕುರಿಹಿಕ್ಕೆಯಷ್ಟು ಕಾಣುತ್ತಿದೆ. ಅದರ ಕೆಳಗೆ, "ಅಕ್ಕ, ಹೆದ್ರಬ್ಯಾಡ. ನೀನು ಹೇಳಿದಂಗೇ ಸುಮ್ನೆ ಕುಂತೀನಿ. ಗಾಳಿ ಬಾಳ ಚೆನ್ನಾಗೈತೆ."

ತಕ್ಷಣ ಮಾಡಿದ ಫೋನ್ ರಿಂಗಾಯಿತು, ನೀನು ಎತ್ತಲಿಲ್ಲ. ಆಮೇಲೆ ಅದೂ ಇಲ್ಲ. ಓನರಮ್ಮ ಮೀನುಗಾರರ ಕೇರಿಗೆ ಓಡಿದ್ದಾರೆ. ಲಾರಿಯ ಡ್ರೈವರ್ ಬಂದರಿನವರಿಗೆಲ್ಲ ಫೋನ್ ಮಾಡಿಸುತ್ತಿದ್ದಾರೆ, ಎರಡು ದೋಣಿ ಹೊರಟಿವೆ ಎಂದರು. ಅವ್ವ ನೂಲು ಕೆಳಗಿಟ್ಟು, ಆ ನೀರು ಕಣಿವೆಗಿಂತ ಆಳವಾ ಎಂದು ಮತ್ತೆ ಕೇಳಿದಳು. ಈ ಸಲ ಹೌದು ಎಂದೆ.

ಏನು ಮಾಡಬೇಕೋ ತೋಚದೆ ಇದನ್ನೇ ಬರೆಯುತ್ತಾ ಕೂತಿದ್ದೇನೆ. ಹುಟ್ಟು ಹಾಕು ಪಾಲ. ಸುಮ್ಮನೆ ಕೂರಬೇಡ. ಮಧ್ಯಾಹ್ನವಾಯಿತು. ನಮ್ಮ ಒಲೆಯ ಹೊಗೆ ಬೆಳಗಿನಿಂದ ಪಡುವಣಕ್ಕೇ, ನಿನ್ನ ಕಡೆಗೇ ಹೋಗುತ್ತಿದೆ. ಇನ್ನೂ ತಿರುಗಿಲ್ಲ.