ಇಬ್ಬರಿಗೆಂದು ಕೂಡಿಟ್ಟದ್ದು

ಜೂನ್ ೧೬, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೋ, ಬೇಜಾರಿಲ್ಲ. ಭಾವನ ಕಣ್ಣಿನ ಆಪರೇಷನ್ ಸಲೀಸಾಗಿ ಆಯಿತೆಂದು ಓದಿ ಜೀವ ತಂಪಾಯಿತು. ಪೇಪರ್ ಓದುತ್ತೇನೆಂದು ಈಗಲೇ ಹಟ ಹಿಡಿಯದಂತೆ ನೋಡಿಕೋ.

ಇವರ ನಿವೃತ್ತಿ ಹೇಗಾಯಿತೆಂದು ನೀನು ಕೇಳಿದ್ದೆ. ಚೆನ್ನಾಗಿಯೇ ಆಯಿತು. ಪಾರ್ಕಿನ ಮಾಲಿಯನ್ನು ಬೀಳ್ಕೊಡಲು ಅಷ್ಟು ಜನ ಸೇರುತ್ತಾರೆಂದು ನಗರಸಭೆಯಲ್ಲಿ ಯಾರೂ ಎಣಿಸಿರಲಿಲ್ಲ. ಕಸದ ಲಾರಿಯವರು, ಬೀದಿದೀಪದವರು, ಎಲ್ಲ ಬಂದಿದ್ದರು. ನಮ್ಮ ನಿವೃತ್ತಿ ನಿಧಿ ಇವತ್ತಿಗೂ ನಮ್ಮದಾಗಿ ಉಳಿದಿದ್ದರೆ ಅದು ಇವರಿಂದಲೇ ಅಲ್ಲವೇ? ನಗರಸಭೆಯ ನೌಕರರೇ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಕಟ್ಟಿದ ನಿಧಿ ಅದು. ಸದಸ್ಯರೂ ನಾವೇ, ಮಾಲೀಕರೂ ನಾವೇ. ಹೋದ ವರ್ಷ ದೊಡ್ಡ ಕಂಪನಿಯೊಂದು ಅದನ್ನು ವಹಿಸಿಕೊಳ್ಳಲು ಬಂದಾಗ ಅರ್ಧ ಸಭೆ ತಲೆದೂಗಿತ್ತು. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂತಿರುವ ಇವರು ಎದ್ದು ನಿಂತರು. “ವಯಸ್ಸಾದ ಕಾಲಕ್ಕೆ ಒಬ್ಬರಿಗೊಬ್ಬರು ಆಗೋಣ ಅಂತ ತಾನೇ ಇದನ್ನ ಕಟ್ಟಿದ್ದು? ಈಗ ಯಾರದೋ ಕೈಗೆ ಯಾಕೆ ಕೊಡಬೇಕು?” ಅಂದರು. ಅಷ್ಟೇ. ಕಂಪನಿಯವರು ಬಂದ ದಾರಿ ಹಿಡಿದರು. “ಮಾತು ಬರತ್ತೆ ನಿಮಗೆ! ಮನೇಲಿ ಯಾಕೆ ಖರ್ಚು ಮಾಡಲ್ಲ?” ಎಂದು ನಾನು ದಾರಿಯುದ್ದಕ್ಕೂ ಕಾಡಿದ್ದೆ. ನಕ್ಕಿದ್ದರು.

ನಗರಸಭೆಯ ನೀರಿನ ಬಿಲ್ಲಿನ ಕೌಂಟರಿನಲ್ಲಿ ನನಗಿನ್ನೂ ನಾಲ್ಕು ವರ್ಷ ಕೆಲಸವಿತ್ತು. ಇವರೊಬ್ಬರೇ ಮನೆಯಲ್ಲಿ ಕೂತು ಏನು ಮಾಡಿಯಾರು ಅನ್ನಿಸಿತು. “ನಾನೂ ಬಿಡ್ಲಾ?” ಅಂದೆ. “ನಿನ್ನಿಷ್ಟ” ಅಂದರು. ರಾಜೀನಾಮೆ ಕೊಟ್ಟೆ.

ಕೆಲಸ ಬಿಟ್ಟವರನ್ನು ನಿಧಿಯವರು ಕರೆಸಿ, ಮುಂದಿನ ಸಂಸಾರ ಹೇಗೆ ತೂಗಿಸಬೇಕೆಂದು ಹೇಳಿಕೊಡುತ್ತಾರೆ. ಅಗ್ನಿಶಾಮಕ ಠಾಣೆಯ ಮೇಲಿನ ಪುಟ್ಟ ಕೋಣೆ ಅವರ ಆಫೀಸು. ಕೆಳಗೆ ಯಾರೋ ಗಾಡಿ ತೊಳೆಯುತ್ತಿದ್ದರು. ಎದುರಿಗೆ ನಾವೇ ಆರಿಸಿದ ಕಾರ್ಯದರ್ಶಿ, ಲೈಬ್ರರಿಯ ಮೇಡಂ. ಪ್ರತಿ ಸಂಬಳದಲ್ಲೂ ಇಬ್ಬರ ಮುಪ್ಪಿಗೆಂದೇ ಎತ್ತಿಟ್ಟವಳು ನಾನು; ಕೂತ ಕೂಡಲೇ ಶುರು ಹಚ್ಚಿಕೊಂಡೆ. ಗೋಡೆಗೆ ಬಣ್ಣ, ಹಿತ್ತಿಲ ಕಡೆಗೊಂದು ಕಿಟಕಿ, ಒಮ್ಮೆ ಸಮುದ್ರ ನೋಡಿ ಬರುವುದು. ಮೇಡಂ ನಗುತ್ತ ಇವರ ಕಡೆ ತಿರುಗಿದರು.

“ತಿಂಗಳ ಖರ್ಚನ್ನ ಇಬ್ಬರಿಗೆ ಅಂತ ಹಿಡೀಲಾ, ಯಜಮಾನ್ರೆ?”

“ಬೇರೆ ಬೇರೆ ಹಿಡೀರಿ,” ಅಂದರು. “ನಾನು ಒಬ್ನೇ ಇರ್ತೀನಿ.”

ತಮಾಷೆ ಎಂದುಕೊಂಡು ನಾನು ಜೋರಾಗಿ ನಕ್ಕುಬಿಟ್ಟೆ, ಅಕ್ಕ. ಮೇಡಂ ನಗಲಿಲ್ಲ. ಇವರು ಮೇಜಿನ ಅಂಚನ್ನೇ ನೋಡುತ್ತ, “ಅವಳಿಗೇನೂ ಕಡಿಮೆ ಆಗ್ಬಾರ್ದು. ಮನೆ ಅವಳಿಗೇ ಇರ್ಲಿ” ಅಂದರು. ಮೇಡಂ ಸದ್ದಿಲ್ಲದೆ ಎದ್ದು ಹೊರಗೆ ಹೋದರು.

ಊರಾಚೆ ನರ್ಸರಿಯ ಹಿಂದೆ ಒಂದು ಕೋಣೆ ಹಿಡಿದಿದ್ದಾರೆ. ಮೊನ್ನೆ ಬಟ್ಟೆಬರೆ ತೆಗೆದುಕೊಂಡು ಹೋದರು. ಹೊರಡುವ ಮೊದಲು ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿ, ತಿರುಗಿಸಿ ತೋರಿಸಿದರು. ಬೇಕೆಂದೇ ಜಗಳಕ್ಕೆ ನಿಂತೆ, ಅದಕ್ಕೂ ಸಿಗಲಿಲ್ಲ. ಕೆಲಸ ವಾಪಸು ಕೇಳೋಣವೆಂದು ನಿನ್ನೆ ಕೌಂಟರಿಗೆ ಹೋದರೆ, ನನ್ನ ಕುರ್ಚಿಯಲ್ಲಿ ಹೊಸ ಹುಡುಗಿ. “ಏನಾದ್ರೂ ಮರೆತು ಹೋಗಿದ್ರಾ ಆಂಟಿ?” ಅಂದಳು. ಇಲ್ಲಮ್ಮ ಎಂದು ಬಂದುಬಿಟ್ಟೆ.

ಮಗಳಿಗೆ ಇನ್ನೂ ಹೇಳಿಲ್ಲ. ನೀನು ಫೋನಿನಲ್ಲಿ ಬಾಯಿ ತಪ್ಪಿ ಹೇಳಬೇಡ. ಎದ್ದುಬಿದ್ದು ಓಡಿ ಬರಲೂ ಬೇಡ, ಭಾವನ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಬಿಡಬೇಕು. ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮಿಬ್ಬರನ್ನು ಕೊನೆಯವರೆಗೂ ಒಂದೇ ಸೂರಿನಡಿ ಇಟ್ಟಿರಲಿ.

ನಿನ್ನ ಗುಬ್ಬಿ

ತಾ.ಕ.: ಬೇರೆ ಹೆಂಗಸು ಇದ್ದಾಳಾ ಎಂದೂ ಕೇಳಿದೆ. ಇದ್ದಿದ್ದರೆ ಅವಳಿಗಾದರೂ ಶಾಪ ಹಾಕುತ್ತಿದ್ದೆ. “ಯಾರೂ ಇಲ್ಲ ಕಣೆ. ಸದ್ದಿಲ್ಲದೆ ಇರ್ಬೇಕು ಅನ್ಸಿದೆ, ಅಷ್ಟೆ. ತುಂಬಾ ವರ್ಷದಿಂದ” ಅಂದರು. ನೀನು ನನ್ನ ಜೊತೆ ಬೆಳೆದವಳು. ನಿಜ ಹೇಳು ಅಕ್ಕ, ನಾನು ಅಷ್ಟೊಂದು ಮಾತಾಡ್ತಿದ್ದೆನಾ?