ಕೈಚೀಲದ ಅಳತೆ

ನ್ಯಾಮತಿ
೨೨-೨-೧೯೮೪, ಬುಧವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಕರಿಬಸಮ್ಮ ಮಾಡುವ ಶರಣಾರ್ಥಿಗಳು. ನಿಮ್ಮ ಆರೋಗ್ಯ ಹೇಗಿದೆ? ಪ್ರತಿ ಕಾಗದದಲ್ಲೂ ಇದನ್ನೇ ಕೇಳುತ್ತೇನೆ, ಪ್ರತಿ ಸಲವೂ ನೀವು ‘ನಾನು ಕ್ಷೇಮ’ ಎಂದು ಎರಡೇ ಪದ ಬರೆದು ಮುಂದಿನ ಸಾಲಿಗೆ ದಾಟಿಬಿಡುತ್ತೀರಿ. ಈ ಸಲ ಹಾಗೆ ದಾಟಬೇಡಿ. ಊಟ ಸೇರುತ್ತದೆಯೋ ಇಲ್ಲವೋ, ನಿದ್ದೆ ಬರುತ್ತದೆಯೋ, ನೋವು ಎಲ್ಲಿ, ಔಷಧಿ ಯಾವುದು, ಎಲ್ಲವನ್ನೂ ಬಿಡಿಸಿ ಬರೆಯಿರಿ. ಯಾಕೆ ಇಷ್ಟು ಕೆದಕುತ್ತಿದ್ದೇನೆ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ಇಲ್ಲಿ ನಿಮ್ಮ ಅವ್ವನ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಮಗಳು ಹದಿನೈದರವರೆಗೆ ಮಗ್ಗಿ ಒಪ್ಪಿಸುತ್ತಾಳೆ, ಹದಿಮೂರರಲ್ಲಿ ಮಾತ್ರ ದಿನವೂ ಎಡವುತ್ತಾಳೆ. ಮದುವೆಯ ದಿನಗಳು ಹತ್ತಿರ ಬಂದಿರುವುದರಿಂದ ಕುಬಸ ಹೊಲಿಸುವವರು ಬಾಗಿಲಲ್ಲೇ ನಿಂತಿರುತ್ತಾರೆ. ನನಗೆ ಬಿಡುವಿಲ್ಲ. ಆದರೂ ಇವತ್ತು ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿಟ್ಟು ಕಾಗದಕ್ಕೆ ಕುಳಿತಿದ್ದೇನೆ.

ಜನವರಿಯ ನಿಮ್ಮ ಕಾಗದದಲ್ಲಿ, ಪರದೇಶದ ಆ ಕ್ಯಾಂಪಿನಲ್ಲಿ ನಿಮ್ಮ ಕೋಣೆಯಲ್ಲೇ ಇರುವ ತ್ಯಾವಣಿಗೆಯ ಮುರುಗೇಶಪ್ಪನವರು ರಜೆಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ ಎಂದು ಬರೆದಿದ್ದಿರಿ. ಅವ್ವನಿಗೆ ಉಣ್ಣೆಯ ಶಾಲು, ಮಗಳ ಫ್ರಾಕಿಗೆ ಮೂರು ಗಜ ಬಟ್ಟೆ, ನನಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಮನೆಗೊಂದು ಸಣ್ಣ ರೇಡಿಯೋ. ಅವ್ವ ಆ ಪಟ್ಟಿಯನ್ನು ನನ್ನಿಂದ ನಾಲ್ಕು ಸಲ ಓದಿಸಿದರು. ಫೆಬ್ರವರಿ ಐದನೇ ತಾರೀಖು ಭಾನುವಾರ ಮುರುಗೇಶಪ್ಪನವರು ಬಂದರು. ಕೈಯಲ್ಲಿ ಒಂದು ಪೊಟ್ಟಣ ಖರ್ಜೂರ ಇತ್ತು, ಬೇರೇನೂ ಇರಲಿಲ್ಲ. ಚಾಪೆಯ ತುದಿಯಲ್ಲಿ ಕುಳಿತು, ಗೋಡೆಯ ಕ್ಯಾಲೆಂಡರ್ ನೋಡುತ್ತಾ, “ಅಕ್ಕಾರೆ, ವಿಮಾನದೋರು ಬಿಡಲಿಲ್ರೀ. ಕೈಚೀಲ ಒಂದೇ ಇರಬೇಕಂತೆ, ಐದು ಕೆಜಿ ದಾಟಬಾರದಂತೆ. ನಿಮ್ಮ ಚೀಲ ಅಲ್ಲೇ ಬಿಟ್ಟು ಬರಬೇಕಾತು” ಎಂದರು. ಅವ್ವ ಒಳಗಿನಿಂದಲೇ, “ವಿಮಾನ ಏನು ಎತ್ತಿನ ಗಾಡಿನಾ, ಐದು ಕೆಜಿಗೆ ಅಚ್ಚು ಮುರಿಯಾಕೆ?” ಎಂದು ಕೇಳಿಯೇಬಿಟ್ಟರು. ಅವರು ನಗಲಿಲ್ಲ. ನೀವು ಹೇಗಿದ್ದೀರಿ ಎಂದು ನಾನು ಕೇಳಿದೆ. “ಚೆನ್ನಾಗದಾರೆ” ಎಂದು ಹೇಳಿ ನೀರು ಕುಡಿದರು. ಮತ್ತೆ ಕೇಳಿದೆ. ಮತ್ತೆ ನೀರು ಕುಡಿದರು. ಚಹಾ ಕಾಯಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲವೆಂದು ನ್ಯಾಮತಿಯ ದನಕರುಗಳಿಗೂ ಗೊತ್ತು.

ಅವತ್ತಿನಿಂದ ನನ್ನ ತಲೆಗೆ ಹುಳ ಹೊಕ್ಕಿತು. ಮಾರನೆಯ ದಿನ ಸಕ್ಕರೆ ತರಲು ಹೋದಾಗ ಕಿರಾಣಿ ಅಂಗಡಿಯ ಜಯಪ್ಪ, ಮುರುಗೇಶಪ್ಪನವರು ಊರಿಗೆ ಬಂದಿಳಿದ ದಿನ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ತಾನು ಅವರನ್ನು ನೋಡಿದ್ದಾಗಿ ಹೇಳಿದ. “ಎರಡು ಸೂಟ್‌ಕೇಸ್ ಇಳಿಸ್ಕಂಡ್ರು ಕಣಕ್ಕ, ಹೆಗಲಿಗೊಂದು ಚೀಲ ಬೇರೆ” ಎಂದ. ಅವರಿಗೆ ಎರಡು ಸೂಟ್‌ಕೇಸು, ನಮ್ಮ ಒಂದು ಚೀಲಕ್ಕೆ ಮಾತ್ರ ವಿಮಾನದ ಕಾನೂನು ಅಡ್ಡ ಬಂತೇ? ಅವ್ವನಂತೂ ಆ ಶಾಲನ್ನು ಓಬವ್ವ, ಅಂದರೆ ಮುರುಗೇಶಪ್ಪನವರ ತಾಯಿ, ಹೊದ್ದುಕೊಂಡು ಕುಳಿತಿರುವುದನ್ನು ಕಣ್ಣಾರೆ ಕಂಡವರ ಹಾಗೆ ಮಾತನಾಡತೊಡಗಿದರು.

ಕಾನೂನು ಏನೆಂದು ತಿಳಿಯದೆ ಇನ್ನೊಬ್ಬರನ್ನು ಕಳ್ಳ ಎನ್ನಬಾರದೆಂದು ಗುರುವಾರ ಹೊನ್ನಾಳಿಗೆ ಹೋದೆ. ಅಮೀರ್‌ಜಾನ್ ಸಾಹೇಬರು ನಿಮಗೆ ನೆನಪಿರಬೇಕು. ನಿಮ್ಮ ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಟ್ಟವರು, ಟ್ರಂಕು ಸೂಟ್‌ಕೇಸಿನ ಅಂಗಡಿಯವರು. ಯಾರದೋ ಹಳೆಯ ಟಿಕೇಟಿನ ಪುಸ್ತಕ ತೆಗೆದು, ಕನ್ನಡಕ ಏರಿಸಿ, “ಇಂಗ್ಲಿಷಿನಾಗೆ ಐತಮ್ಮ, ನಾನು ಹೇಳ್ತೀನಿ ಕೇಳು. ವಿಮಾನದ ಹೊಟ್ಟೆಯೊಳಗೆ ಹಾಕೋ ಸಾಮಾನು ಒಬ್ಬರಿಗೆ ಇಪ್ಪತ್ತು ಕೆಜಿ. ಕೈಲಿ ಹಿಡಿಯೋದು ಒಂದೇ ಚೀಲ. ಉದ್ದ, ಅಗಲ, ಎತ್ತರ ಸೇರಿ ನಲವತ್ತೈದು ಇಂಚು” ಎಂದರು. ನಾನು ಒಂದೊಂದು ಬದಿಯೂ ನಲವತ್ತೈದು ಇಂಚು ಎಂದುಕೊಂಡೆ. ಆ ಅಳತೆಗೆ ನಮ್ಮ ಹುಡುಗಿಯನ್ನೇ ಒಳಗೆ ಕೂರಿಸಿ ಜಿಪ್ ಎಳೆಯಬಹುದಿತ್ತು. ಸಾಹೇಬರು ನಕ್ಕು, ಮೂರನ್ನೂ ಕೂಡಿಸಿದ ಲೆಕ್ಕ ಅದು, ಸೀಟಿನ ಕೆಳಗೋ ತಲೆಯ ಮೇಲಿನ ಗೂಡಿನಲ್ಲೋ ಚೀಲ ಹಿಡಿಸಬೇಕು ಎಂದು ಬಿಡಿಸಿ ಹೇಳಿದರು. ತೂಕ ಒಂದೊಂದು ಕಂಪನಿಯದು ಒಂದೊಂದಂತೆ, ನಿಮ್ಮ ಕಡೆಯ ವಿಮಾನಕ್ಕೆ ಐದು ಕೆಜಿ ಎನ್ನುವುದು ನಿಜವಂತೆ. “ಕೆಲವರು ತೂಗ್ತಾರೆ, ಕೆಲವರು ಮುಖ ನೋಡಿ ಬಿಡ್ತಾರೆ.” ಇದಲ್ಲದೆ ಲೆಕ್ಕಕ್ಕೆ ಹಿಡಿಯದ ಸಾಮಾನುಗಳೂ ಇವೆಯಂತೆ. ಹೆಂಗಸರ ವ್ಯಾನಿಟಿ ಬ್ಯಾಗು, ಮೈಮೇಲಿನ ಕೋಟು ಅಥವಾ ಶಾಲು, ಒಂದು ಕೊಡೆ, ದಾರಿಯಲ್ಲಿ ಓದುವ ಪುಸ್ತಕ, ಕೂಸಿನ ಹಾಲು. ಕತ್ತರಿ ಚಾಕುಗಳನ್ನು ಮಾತ್ರ ಕೈಚೀಲದಲ್ಲಿ ಬಿಡುವುದಿಲ್ಲವಂತೆ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಶಾಲಿಗೆ ತೂಕವೇ ಇಲ್ಲವಾದರೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬರಬಹುದಿತ್ತಲ್ಲ? ಕತ್ತರಿ ಬಿಡುವುದಿಲ್ಲ ಎನ್ನುವುದು ಎಲ್ಲಕ್ಕಿಂತ ಒಳ್ಳೆಯ ನೆಪ, ಅದನ್ನು ಮುರುಗೇಶಪ್ಪನವರು ಬಾಯಿಗೇ ತರಲಿಲ್ಲ. ಹಾಗಾದರೆ ಆ ಚೀಲ ವಿಮಾನದ ಬಾಗಿಲವರೆಗಾದರೂ ಹೋಗಿತ್ತೋ ಇಲ್ಲವೋ? ಮನೆಗೆ ಬಂದವಳೇ ಉಳಿದಿದ್ದ ಕ್ಯಾನ್ವಾಸ್ ಬಟ್ಟೆ ತೆಗೆದು ಇಪ್ಪತ್ತೆರಡು, ಹದಿನಾಲ್ಕು, ಒಂಬತ್ತು ಇಂಚಿಗೆ ಒಂದು ಚೀಲ ಹೊಲಿದೆ. ಅವ್ವನ ಹಳೆಯ ಶಾಲು, ಮೂರು ಗಜ ಬಟ್ಟೆ, ನನ್ನ ಕತ್ತರಿ, ಪಕ್ಕದ ಮನೆಯಿಂದ ಕೇಳಿ ತಂದ ರೇಡಿಯೋ ಎಲ್ಲ ತುಂಬಿ ಜಯಪ್ಪನ ತಕ್ಕಡಿಯಲ್ಲಿ ಇಟ್ಟೆ. ನಾಲ್ಕು ಕೆಜಿ ಇನ್ನೂರು ಗ್ರಾಂ. ಚೀಲದಲ್ಲಿ ಇನ್ನೂ ಒಂದು ಗೇಣು ಜಾಗ ಉಳಿದಿತ್ತು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಲ್ಲಿಂದ ನನ್ನ ಅನುಮಾನ ನಿಮ್ಮ ಮೇಲೆ ತಿರುಗಿತು. ನೀವು ಚೀಲವನ್ನೇ ಕಳಿಸಿಲ್ಲ, ಕಳಿಸಿದೆನೆಂದು ಸುಮ್ಮನೆ ಬರೆದಿದ್ದೀರಿ, ಮುರುಗೇಶಪ್ಪನವರು ನಿಮ್ಮ ಸುಳ್ಳನ್ನು ಹೊತ್ತು ಬಂದಿದ್ದಾರೆ ಎನಿಸಿತು. ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕುಳಿತೆ. ಮೊದಲೆಲ್ಲ ಹಡಗಿನ ಬಂದರು, ಕ್ರೇನು, ಮಲಯಾಳಿ ಫೋರ್‌ಮನ್ನಿನ ಬೈಗುಳ ಎಂದು ಎರಡು ಹಾಳೆ ಬರೆಯುತ್ತಿದ್ದವರು, ಕಳೆದ ಶ್ರಾವಣದಿಂದ ಈಚೆಗೆ ಕೆಲಸದ ಬಗ್ಗೆ ಒಂದು ಸಾಲೂ ಬರೆದಿಲ್ಲ. ದೀಪಾವಳಿಗೆ ಕಳಿಸಿದ ಫೋಟೋ ಎದೆಯವರೆಗೆ ಮಾತ್ರ ಇದೆ. ನಾನು ದಿನವೂ ಕತ್ತರಿ ಹಿಡಿಯುವವಳು. ಯಾವ ಅಂಚು ಯಂತ್ರದ್ದು, ಯಾವುದು ಕೈಯಲ್ಲಿ ಕತ್ತರಿಸಿದ್ದು ಎಂದು ನನಗೆ ತಿಳಿಯುತ್ತದೆ. ಕೆಳಗಿನ ಅಂಚು ಕೈಯಲ್ಲಿ ಕತ್ತರಿಸಿದ್ದು. ಆ ಭಾಗದಲ್ಲಿ ಯಾರೋ ಕುಳಿತಿದ್ದರು, ಹೆಂಗಸೋ ಮಗುವೋ, ಅದಕ್ಕೇ ನೀವು ಕತ್ತರಿಸಿದ್ದೀರಿ ಎಂದುಕೊಂಡೆ. ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಮಗನ ಪರ ನಿಲ್ಲುತ್ತಿದ್ದರೋ ನನ್ನ ಪರವೋ ಎನ್ನುವ ಅನುಮಾನವೂ ಒಂದು ಸೇರಿಕೊಂಡಿತ್ತು.

ಮೊನ್ನೆ ಭಾನುವಾರ ಹೊಲಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೂರು ಬಸ್ಸು ಬದಲಿಸಿ ತ್ಯಾವಣಿಗೆಗೆ ಹೋದೆ. ಓಬವ್ವ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದರು, ಹೆಗಲ ಮೇಲೆ ಯಾವ ಶಾಲೂ ಇರಲಿಲ್ಲ. “ಬಾರವ್ವ, ಒಳಗೆ ಕುಂದ್ರು, ಮುರುಗ ಹೊಲದಿಂದ ಬರ್ತಾನೆ” ಎಂದು ನೀರು ಕೊಟ್ಟರು. ಒಳಗೆ ಕುಳಿತು ಚೊಂಬು ಕೆಳಗಿಡಲು ಬಗ್ಗಿದರೆ, ಮಂಚದ ಕೆಳಗೆ ನೀಲಿ ಸೂಟ್‌ಕೇಸು. ನೀವು ಹೊರಡುವ ಹಿಂದಿನ ದಿನ ನಾನೇ ಬಿಳಿ ಬಣ್ಣದಲ್ಲಿ ‘ಮಹೇಶ್ವರಪ್ಪ, ನ್ಯಾಮತಿ’ ಎಂದು ಬರೆದಿದ್ದ ಸೂಟ್‌ಕೇಸು. ಯಾರನ್ನೂ ಕೇಳದೆ ಎಳೆದು ತೆರೆದೆ. ನಾನು ಹೊಲಿದ ಅಂಗಿಗಳು, ನಿಮ್ಮ ಉಲ್ಲನ್ ಕೋಟು, ಸ್ಪ್ಯಾನರುಗಳು, ಅಡಿಯಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಕೆಲಸದ ಬೂಟುಗಳು, ಎರಡೂ. ಬೂಟುಗಳನ್ನು ತೆಗೆದು ನೆಲದ ಮೇಲೆ ಜೋಡಿಸಿಟ್ಟೆ. ದುಡಿಯುವ ಮನುಷ್ಯ ಬೂಟು ಬಿಟ್ಟುಕೊಟ್ಟು ಹೇಗೆ ದುಡಿಯುತ್ತಾನೆ? ಸತ್ತವರ ಸಾಮಾನನ್ನು ಹೀಗೇ ಕಳಿಸುತ್ತಾರೆಂದು ಕೇಳಿದ್ದೆ. ಓಬವ್ವ ಬಾಗಿಲಲ್ಲಿ ಬಂದು ನಿಂತವರು ನನ್ನನ್ನು ತಡೆಯಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಅದನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

ಅಷ್ಟರಲ್ಲಿ ಮುರುಗೇಶಪ್ಪನವರು ಬಂದರು. ನಾನು ಚೀಲದ ಮಾತು, ಕಾನೂನಿನ ಮಾತು ಎಲ್ಲ ಮರೆತು, “ಅವರು ಅದಾರೋ ಇಲ್ಲೋ, ಮೊದಲು ಅಷ್ಟು ಹೇಳ್ರಿ” ಎಂದೆ. “ಅದಾರೆ ಅಕ್ಕಾ, ಜೀವಂತ ಅದಾರೆ” ಎಂದು ಅವರು ಹೊಸ್ತಿಲಲ್ಲೇ ಕುಸಿದು ಕುಳಿತು ಎಲ್ಲವನ್ನೂ ಹೇಳಿದರು. ಆಗಸ್ಟಿನಲ್ಲಿ ಕ್ರೇನಿನಿಂದ ಕಬ್ಬಿಣದ ತೊಲೆ ಜಾರಿದ್ದು, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದದ್ದು, ಯಾರಿಗೂ ಹೇಳಬಾರದೆಂದು ನೀವು ಅವರ ಇಷ್ಟಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ದು. “ಕಂಕುಳಾಗೆ ಎರಡು ಕೋಲು ಹಿಡಕಂಡು ಬರೋರು ಸೂಟ್‌ಕೇಸ್ ಹೆಂಗೆ ಹಿಡೀತಾರೆ ಅಕ್ಕಾ? ಅದಕ್ಕೇ ನಾನು ಮೊದಲೇ ತಂದೆ. ನನ್ನ ಇಪ್ಪತ್ತು ಕೆಜಿನಾಗೆ ಅವರ ಸಾಮಾನೇ ಹನ್ನೆರಡು ಆತು. ಕೈಚೀಲ ಎರಡಾದ್ವು, ಒಂದು ಬಿಡು ಅಂದ್ರು.” ಬಿಡುವುದಾದರೆ ನಮ್ಮದನ್ನೇ ಯಾಕೆ ಬಿಟ್ಟಿರಿ ಎಂದು ಕೇಳಿದೆ. ನೋಡಿ, ಅಂಥ ಹೊತ್ತಿನಲ್ಲೂ ನನ್ನ ಅನುಮಾನ ಸಾಯಲಿಲ್ಲ. ತಮ್ಮ ಚೀಲದಲ್ಲಿ ನಿಮ್ಮ ಎಕ್ಸ್‌ರೇ, ಆಸ್ಪತ್ರೆಯ ಕಾಗದಗಳಿದ್ದವು, ದಾವಣಗೆರೆಯ ಡಾಕ್ಟರಿಗೆ ತೋರಿಸಿ ಹೊಸ ಕಾಲಿನ ವಿಚಾರ ಕೇಳಬೇಕಿತ್ತು ಎಂದರು. ನಮ್ಮ ಚೀಲವನ್ನು, ತಮ್ಮನ್ನು ವಿಮಾನಕ್ಕೆ ಹತ್ತಿಸಲು ಬಂದಿದ್ದವರ ಕೈಗೆ ಕೊಟ್ಟು ಕ್ಯಾಂಪಿಗೆ ವಾಪಸು ಕಳಿಸಿದರಂತೆ, ಒಳಗಿನ ಕತ್ತರಿಯನ್ನು ಯಾರೂ ತೆಗೆದು ನೋಡಲೇ ಇಲ್ಲವಂತೆ. ಶಾಲನ್ನಾದರೂ ಹೊದ್ದು ಬರಬಹುದಿತ್ತಲ್ಲ ಎಂದೆ. “ತಲೆ ಓಡಲಿಲ್ಲ ಅಕ್ಕಾ” ಎಂದು ಆ ಗಂಡಸು ಗೊಳೋ ಎಂದು ಅತ್ತುಬಿಟ್ಟರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಕಳ್ಳನೆಂದು ಹದಿನೈದು ದಿನ ಮನಸ್ಸಿನಲ್ಲೇ ಬೈದಿದ್ದೆ.

ಆದರೆ ನಿಮ್ಮನ್ನು ನಾನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮಾರ್ಚ್ ಹದಿನೆಂಟಕ್ಕೆ ಬೊಂಬಾಯಿಗೆ ಇಳಿದು ನೇರ ತ್ಯಾವಣಿಗೆಗೆ ಬಂದು, ಕೃತಕ ಕಾಲು ಹಾಕಿಸಿಕೊಂಡು ನಡೆಯಲು ಕಲಿತ ಮೇಲೆ ನ್ಯಾಮತಿಗೆ ಬರಬೇಕೆಂದು ನೀವು ಮಾಡಿಕೊಂಡ ಏರ್ಪಾಡನ್ನೂ ಅವರು ಹೇಳಿದರು. ಹೆಂಡತಿ ತಾಯಿ ಇರುವಾಗ ಇನ್ನೊಬ್ಬರ ಮನೆಯಲ್ಲಿ ಅಡಗಿ ಕೂರಲು ನೀವು ಏನು ತಪ್ಪು ಮಾಡಿದ್ದೀರಿ? ಏಳು ತಿಂಗಳು ಒಬ್ಬರೇ ನೋವು ತಿಂದಿರಲ್ಲ, ಇಲ್ಲಿ ನಾನು ಹದಿಮೂರರ ಮಗ್ಗಿ, ಕುಬಸದ ತೋಳು ಎಂದು ಬರೆಯುತ್ತಿದ್ದೆ, ಅದನ್ನು ಓದುವಾಗ ನಿಮಗೆ ಹೇಗಾಗಿರಬೇಕು? ಸೂಟ್‌ಕೇಸನ್ನು ಅವತ್ತೇ ನಾನು ಮನೆಗೆ ತಂದೆ. ಅವ್ವನಿಗೆ ಹೇಳಿದೆ. ಅವರು ಅಳಲಿಲ್ಲ. “ಯಾವ ಕಾಲು?” ಎಂದು ಕೇಳಿದರು. ಬಲಗಾಲು ಎಂದೆ. ನೀವು ಚಿಕ್ಕವರಿದ್ದಾಗ ಆ ಕಾಲಿಗೆ ಜಾಲಿಮುಳ್ಳು ಚುಚ್ಚಿ ಬಾತಿದ್ದನ್ನು, ನಿಮ್ಮನ್ನು ಎತ್ತಿಕೊಂಡು ಸವಳಂಗದವರೆಗೆ ನಡೆದಿದ್ದನ್ನು ಹೇಳಿದರು. ಆಮೇಲೆ ಮಂಚ ನಡುಮನೆಗೆ ಹಾಕಬೇಕು, ಒಳಕೋಣೆಯ ಹೊಸ್ತಿಲು ಎತ್ತರ ಎಂದು ನನ್ನಿಂದಲೇ ಮಂಚ ಎಳೆಸಿದರು. ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ನಿಮಗೆ ಬರುತ್ತದೆ, ಅದು ಕುಳಿತೇ ಮಾಡುವ ಕೆಲಸ. ನಾನೂ ಕುಳಿತೇ ದುಡಿಯುವವಳು. ಒಂದೇ ಪಡಸಾಲೆಯಲ್ಲಿ ಇಬ್ಬರಿಗೂ ಜಾಗವಿದೆ.

ಮುರುಗೇಶಪ್ಪನವರ ಮೇಲೆ ಸಿಟ್ಟಾಗಬೇಡಿ, ಆಣೆ ಮುರಿಸಿದವಳು ನಾನು. ಅವ್ವ ನಿಮಗೆ ನೂರು ವರ್ಷ ಆಯಸ್ಸು ಹೇಳಿದ್ದಾರೆ, ಎರಡು ಬೈಗುಳವನ್ನೂ ಹೇಳಿದ್ದಾರೆ, ಅವನ್ನು ಬರೆಯುವುದಿಲ್ಲ. ಮಗಳು ಅಪ್ಪಾಜಿಗೆ ಮುತ್ತು ಕಳಿಸಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ, ನೀವು ಬಂದ ಮೇಲೆ ನೀವೇ ಹೇಳಿ.

ನಿಮ್ಮವಳು,
ಕರಿಬಸಮ್ಮ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಅಮೀರ್‌ಜಾನ್ ಸಾಹೇಬರೂ ಅವರ ಮನೆಯವರು ಸೈದಾಬೀಯವರೂ ಅಳಿಯನನ್ನು ವಿಮಾನಕ್ಕೆ ಹತ್ತಿಸಲು ಮಾರ್ಚ್ ಹದಿನೈದಕ್ಕೆ ಬೊಂಬಾಯಿಗೆ ಹೊರಟಿದ್ದಾರೆ. ಅವರ ಜೊತೆ ನಾನೂ ಹೊರಟಿದ್ದೇನೆ. ಹದಿನೆಂಟರಂದು ನೀವು ಹೊರಬರುವ ಬಾಗಿಲಲ್ಲಿ ನಿಂತಿರುತ್ತೇನೆ. ಅಲ್ಲಿಂದ ನೇರ ನ್ಯಾಮತಿಗೆ, ಅದೂ ಹಗಲು ಬಸ್ಸಿನಲ್ಲಿ, ಊರವರೆಲ್ಲ ನೋಡಲಿ. ಬರಬೇಡ ಎಂದು ಕಾಗದ ಬರೆಯಬೇಡಿ. ಇದು ನಿಮಗೆ ಮುಟ್ಟಲು ಹನ್ನೆರಡು ದಿನ, ನಿಮ್ಮದು ಇಲ್ಲಿಗೆ ಬರಲು ಹನ್ನೆರಡು ದಿನ. ಅಷ್ಟರಲ್ಲಿ ನಾನು ರೈಲು ಹತ್ತಿರುತ್ತೇನೆ.