ಸುಮಾರು ಒಂದು ಚಮಚ

ಬೆಂಗಳೂರು
೧೨-೭-೧೯೬೮

ಪೂಜ್ಯ ಅಪ್ಪನವರಿಗೆ ನಮಸ್ಕಾರಗಳು.

ನಮ್ಮ ಸೂಲಿಬೆಲೆಯಲ್ಲಿ ಹಂಚಿದ ಹುಳುವಿನ ಔಷಧಿ ಪುಡಿಯ ಕನ್ನಡ ಚೀಟಿ ನನ್ನ ಅನುವಾದ. ಬಿಂದಿಗೆ ನೀರಿಗೆ ಹತ್ತು ಗ್ರಾಂ, ವ್ಯತ್ಯಾಸ ಅರ್ಧ ಗ್ರಾಂ ಮೀರಬಾರದು ಎಂದು ಇಂಗ್ಲಿಷಿನಲ್ಲಿತ್ತು. ನಾನು "ಸುಮಾರು ಒಂದು ಚಮಚ" ಎಂದು ಬರೆದುಬಿಟ್ಟೆ. ರಾಗಿ ಅಳೆಯುವಾಗ ನೀವು, "ತಲೆ ಸವರಿ ಅಳೀಬಾರ್ದು ಕಣಮ್ಮ, ಮೇಲೆ ಗೋಪುರ ನಿಲ್ಬೇಕು" ಅನ್ನುತ್ತಿದ್ದುದು ನಿನ್ನೆ ನೆನಪಾಯಿತು. ಚಮಚದ ಮೇಲೆ ಗೋಪುರ ನಿಂತರೆ ಪುಡಿ ಎರಡರಷ್ಟಾಗುತ್ತದೆ, ಅದು ವಿಷ.

ಬದನೆಗೆ ಇನ್ನೂ ಹೊಡೆದಿಲ್ಲದಿದ್ದರೆ ಡಬ್ಬಿ ಮುಟ್ಟಬೇಡಿ. ಹೊಡೆದಿದ್ದರೆ ಕಾಯಿ ಕೀಳಬೇಡಿ. ಲಕ್ಷ್ಮಯ್ಯ ಮಾವನಿಗೂ ಹೇಳಿ. ಬರೆದವಳು ನಾನೆಂದು ಮಾತ್ರ ಹೇಳಬೇಡಿ.

ಉಳಿದ ಚೀಟಿಗಳನ್ನು ತಡೆಯಲು ನಾನು ಇಲ್ಲೇ ಇರಬೇಕು. ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಸಂಜೆ ಅದೇ ಬಸ್ಸಿಗೆ ಉತ್ತರ ಕೊಡಿ. ಯಾರಿಂದಲೂ ಬರೆಸಬೇಡಿ ಅಪ್ಪ, ನಿಮ್ಮ ಕೈಯಲ್ಲೇ ಬರೆಯಿರಿ. ಅಕ್ಷರ ನಡುಗಿಲ್ಲವೆಂದು ನಾನು ನೋಡಬೇಕು.

ನಿಮ್ಮ ಮಗಳು
ಅನುಸೂಯಾ